ಒಳ್ಳೆಯವರ ಹಾಗೆ ಕಾಣ್ತೀರಿ

"ಇರ್ಲಿ ಬಿಡಿ, ನಿಮ್ಮನ್ನ ನೋಡಿದ್ರೆ ಒಳ್ಳೆಯವರ ಹಾಗೆ ಕಾಣ್ತೀರಿ."

ಹೋದ ಭಾನುವಾರ ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ ಹಿರಿಯರೊಬ್ಬರು ನನಗೆ ಹೇಳಿದ ಮಾತಿದು. ಪ್ರೀತಿಯಿಂದಲೇ ಹೇಳಿದರು. ಆದರೆ ಕೇಳಿದ ಕೂಡಲೇ ನನಗೆ ಭಯ ಆಯಿತು. ವಾರ ಆಗುತ್ತಾ ಬಂದರೂ ಆ ಭಯ ಪೂರ್ತಿ ಹೋಗಿಲ್ಲ.

ನನಗೆ ಬೇಕಾಗಿದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಪುತ್ತೂರಿನ ಕಡೆ ಇರುವ ನಮ್ಮ ಮಾವನ ಹತ್ತಿರ ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳು ಟ್ರಂಕ್ ತುಂಬ ಇವೆ. ಕೆಲವಕ್ಕೆ ಆಗಲೇ ಬೂಸ್ಟು ಹಿಡಿದಿದೆ. ಅವು ಹಾಳಾಗುವ ಮುಂಚೆ ಕಂಪ್ಯೂಟರಿಗೆ ಇಳಿಸಬೇಕು. 90 ನಿಮಿಷದ ಕ್ಯಾಸೆಟ್ ಇಳಿಸೋಕೆ 90 ನಿಮಿಷ ಬೇಕೇ ಬೇಕು, ಬೇರೆ ದಾರಿ ಇಲ್ಲ. ಅಷ್ಟು ಹೊತ್ತು ಆಫೀಸಿನ ಲ್ಯಾಪ್‌ಟಾಪನ್ನು ಅದಕ್ಕೇ ಬಿಟ್ಟುಕೊಡೋಕೆ ಆಗಲ್ಲ. ಹೊಸದು ತರೋಣ ಅಂದರೆ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿತು. ಮೆಮೊರಿ ಚಿಪ್‌ಗಳೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ಹರಿಯುತ್ತಿರುವಾಗ ಮನೆಗೊಂದು ಕಂಪ್ಯೂಟರ್ ಬೇಕು ಅನ್ನುವವರು ಹಳೇದನ್ನೇ ಹುಡುಕಬೇಕು.

ಹುಡುಕೋದು ಸುಲಭದ ಕೆಲಸ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡೋದು ನಿಂತಿತು. ವಿಂಡೋಸ್ 11 ಬೇಕು ಅಂದರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ಜನರೇಷನ್ (ತಲೆಮಾರು) ಪ್ರೊಸೆಸರ್ ಆದರೂ ಇರಬೇಕು. ಹಾಗಾಗಿ ಅದಕ್ಕಿಂತ ಹಳೇದೆಲ್ಲ ಈಗ ಮಾರಾಟಕ್ಕೆ ಬಂದಿದೆ. ಜಾಹೀರಾತಿನಲ್ಲಿ "ಐ5, ಸೂಪರ್ ಕಂಡೀಷನ್" ಅಂತ ಇರುತ್ತೆ. ಯಾವ ಜನರೇಷನ್ ಅಂತ ಮಾತ್ರ ಇರಲ್ಲ. ಕೇಳಿದರೆ "ಬಂದು ನೋಡಿ ಸರ್" ಅಂತಾರೆ. ಮಾಡೆಲ್ ನಂಬರಿನ ಫೋಟೋ ಕಳಿಸಿ ಅಂದರೆ ಅರ್ಧ ಜನ ಉತ್ತರವನ್ನೇ ಕೊಡಲ್ಲ.

ಇನ್ನು ಕೆಲವರು ಕಂಪ್ಯೂಟರಿನ ಬದಲು ತಮ್ಮ ಬಗ್ಗೆ ಹೇಳುತ್ತಾರೆ. ನಾನು ಸೈನ್ಯದಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಸಾಮಾನೆಲ್ಲ ಅರ್ಜೆಂಟಾಗಿ ಮಾರಬೇಕು. ಜೊತೆಗೆ ಯೂನಿಫಾರ್ಮಿನ ಫೋಟೋ, ಐಡಿ ಕಾರ್ಡು. ಆಮೇಲೆ ಸಾಗಣೆಗೆ ಅಂತ ಸ್ವಲ್ಪ ಅಡ್ವಾನ್ಸ್. ನನ್ನ ಗೆಳೆಯನೊಬ್ಬ ಹಾಗೇ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಕಳಿಸಿ ಕೂತ. ಕಾರ್ಡೂ ಇಲ್ಲ, ಸೈನಿಕನೂ ಇಲ್ಲ. ಮಾರುವವರನ್ನೂ ಇವರು ಬಿಡಲ್ಲ. "ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತೆ" ಅಂತಾರೆ. ಯುಪಿಐನಲ್ಲಿ ದುಡ್ಡು ಬರೋದಕ್ಕೆ ಪಿನ್ ಬೇಡವೇ ಬೇಡ. ಪಿನ್ ಹಾಕಿದರೆ ದುಡ್ಡು ಹೋಗೋದೇ. ಹಾಗೇನಾದರೂ ಹೋದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನನ್ನ ಗೆಳೆಯ ನಾಚಿಕೆಯಿಂದ ಯಾರಿಗೂ ಹೇಳದೆ ಸುಮ್ನೆ ಇದ್ದುಬಿಟ್ಟ. ಮೋಸ ಮಾಡಿದವನು ನಾಚಬೇಕು, ಮೋಸ ಹೋದವನಲ್ಲ.

ಈ ಕಂಪ್ಯೂಟರಿನ ಜಾಹೀರಾತು ಹಾಗಿರಲಿಲ್ಲ. ಐ5-8400, ಅಂದರೆ 8ನೇ ಜನರೇಷನ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಮಾನಿಟರ್ ಸಮೇತ 14,500 ಅಂತ ಎಲ್ಲ ನೀಟಾಗಿ ಬರೆದಿತ್ತು. ಬರೆದವರು ಜರ್ಮನಿಯಲ್ಲಿರುವ ಮಗ. ಕಂಪ್ಯೂಟರ್ ಇದ್ದದ್ದು ಅಪ್ಪ ಅಮ್ಮನ ಮನೆಯಲ್ಲಿ. ಬೆಲೆಯ ಮಾತು ಮಗನ ಜೊತೆ, ನೋಡೋದು ಇಲ್ಲಿ. 14,000ಕ್ಕೆ ಒಪ್ಪಿದರು.

ಮನೆಗೆ ಹೋದಾಗ ಯಜಮಾನರು ಗೇಟಿನ ಹತ್ತಿರವೇ ನಿಂತಿದ್ದರು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಅಮ್ಮ ಕಾಫಿ ಕೊಟ್ಟರು, ಯಾವ ಊರು ಅಂತ ಕೇಳಿದರು. ತಾಳಮದ್ದಳೆ ವಿಷಯ ಬಂದಿದ್ದೇ ತಡ, ಯಜಮಾನರು ತಾವು ಶಿರಸಿಯಲ್ಲಿದ್ದಾಗ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ್ದನ್ನು ಹೇಳೋಕೆ ಶುರು ಮಾಡಿದರು. ತುಂಬ ಒಳ್ಳೆಯ ಜನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯೋದು ಅವರ ಮೇಲಿನ ದೂರು ಅಲ್ಲ.

ಕಂಪ್ಯೂಟರ್ ಆನ್ ಮಾಡಿದೆ. ಪಾಸ್‌ವರ್ಡ್ ಕೇಳಿತು. ಯಜಮಾನರು ಮಾನಿಟರಿನ ಕೆಳಗಡೆ ಬೆರಳು ತೋರಿಸಿದರು. ಅಲ್ಲೊಂದು ಹಳದಿ ಚೀಟಿ, ಸೆಲ್ಲೋಟೇಪ್ ಹಾಕಿ ಅಂಟಿಸಿದ್ದು. ಪಾಸ್‌ವರ್ಡು ಅದರಲ್ಲೇ ಇತ್ತು. ಪೆನ್‌ಡ್ರೈವಿನಲ್ಲಿ ನಾನು ಇಟ್ಟುಕೊಂಡಿರುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದೆ. ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ, ಕೆಟ್ಟ ಸೆಕ್ಟರ್‌ಗಳಿವೆಯಾ ಅಂತ ಅದು ತೋರಿಸುತ್ತೆ. 11,000 ಗಂಟೆಯ ಮೇಲೆ ಓಡಿತ್ತು, ಆದರೂ ಆರೋಗ್ಯವಾಗಿತ್ತು. ಅಷ್ಟರಲ್ಲಿ ಬ್ರೌಸರ್ ತಾನೇ ತೆರೆದುಕೊಂಡಿತು. ಜಿಮೇಲ್ ಲಾಗಿನ್ ಆಗೇ ಇತ್ತು. ರೀಸೈಕಲ್ ಬಿನ್ ತುಂಬಿ ನಿಂತಿತ್ತು.

"ಸರ್, ಇದರಲ್ಲಿ ನಿಮ್ಮದೆಲ್ಲ ಹಾಗೇ ಇದೆಯಲ್ಲ?"

"ಇಲ್ಲಪ್ಪ, ನಿನ್ನೆ ಕೂತು ಎಲ್ಲ ಡಿಲೀಟ್ ಮಾಡಿದೀನಿ."

ನಾನು ಮೌಸ್ ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದೆ. ಅವರೇ ರೀಸೈಕಲ್ ಬಿನ್ ತೆರೆದರು. ಮಗಳ ಮದುವೆಯ ಫೋಟೋಗಳು. ಮನೆ ಪತ್ರದ ಸ್ಕ್ಯಾನ್. ಪ್ಯಾನ್ ಕಾರ್ಡು, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ. ಅವರು ಒಂದು ಕ್ಷಣ ನೋಡಿದರು. ಆಮೇಲೆ ನಕ್ಕು ಆ ಮಾತು ಹೇಳಿದರು. ಇರ್ಲಿ ಬಿಡಿ, ನಿಮ್ಮನ್ನ ನೋಡಿದ್ರೆ ಒಳ್ಳೆಯವರ ಹಾಗೆ ಕಾಣ್ತೀರಿ.

ನನ್ನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಏನು? ಒಂದು ಲೋಟ ಕಾಫಿ ಕುಡಿದಿದ್ದೆ. ಯಕ್ಷಗಾನ ಇಷ್ಟ ಅಂದಿದ್ದೆ. ಕನ್ನಡದಲ್ಲಿ ಮರ್ಯಾದೆಯಾಗಿ ಮಾತಾಡಿದ್ದೆ. ಇವಿಷ್ಟನ್ನೂ ಮೋಸಗಾರ ನನಗಿಂತ ಚೆನ್ನಾಗಿ ಮಾಡುತ್ತಾನೆ. ಯೂನಿಫಾರ್ಮಿನ ಫೋಟೋ ಕಳಿಸುವವನಿಗೂ ಬೇಕಾಗಿರೋದು ಇದೇ ತಾನೆ, ನೋಡಿದರೆ ಒಳ್ಳೆಯವನ ಹಾಗೆ ಕಾಣೋದು!

"ಸರ್, ನನಗೆ ಹಾರ್ಡ್ ಡಿಸ್ಕ್ ಬೇಡ. ಬಿಚ್ಚಿ ನಿಮಗೇ ಕೊಟ್ಟು ಹೋಗ್ತೀನಿ. ನಾನು ಹೊಸ ಎಸ್‌ಎಸ್‌ಡಿ ಹಾಕ್ಕೋತೀನಿ" ಅಂದೆ. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್‌ಗಳಲ್ಲಿ ಫೈಲ್ ಇಡುವ ಡ್ರೈವ್.

ಯಜಮಾನರ ಮುಖ ಬಿಗಿಯಿತು. "ಡಿಸ್ಕ್ ಬೇಡ ಅಂದ್ರೆ ಎಷ್ಟು ಕಡಿಮೆ ಮಾಡ್ಬೇಕು ಹೇಳಿ."

ಅವರಿಗೆ ಅದು ಚೌಕಾಸಿಯ ಹೊಸ ವರಸೆಯ ಹಾಗೆ ಕಂಡಿತ್ತು. ಮಗನಿಗೆ ವಿಡಿಯೋ ಕಾಲ್ ಮಾಡಿದರು. ಮಗ ಇನ್ನೂ ಖಡಕ್ಕಾಗಿ, "ಸರ್, ಒಪ್ಪಿದ್ದು 14,000. ಈಗ ಮನೆಗೆ ಬಂದು ಅದು ಬೇಡ ಇದು ಬೇಡ ಅಂತ ಶುರು ಮಾಡ್ಬೇಡಿ" ಅಂದರು. ಒಂದು ರೂಪಾಯಿಯೂ ಕಡಿಮೆ ಮಾಡಬೇಡಿ, ಡಿಸ್ಕ್ ಮಾತ್ರ ಇಟ್ಟುಕೊಳ್ಳಿ ಅಂತ ನಾನು ಮತ್ತೆ ಮತ್ತೆ ಹೇಳಬೇಕಾಯಿತು. ಪೂರ್ತಿ ದುಡ್ಡು ಕೊಟ್ಟು ವಸ್ತು ಬಿಟ್ಟುಹೋಗುತ್ತೇನೆ ಅನ್ನುವವನನ್ನು ಯಾರಿಗಾದರೂ ನಂಬೋಕೆ ಕಷ್ಟವೇ. ಕಾಫಿ ಕುಡಿದವನನ್ನು ನಂಬಿದ್ದ ಮನೆ, ಅವರ ಒಳ್ಳೆಯದಕ್ಕೇ ಹೇಳುವಾಗ ನಂಬಲಿಲ್ಲ. ನನಗೆ ಬೇಜಾರಾಗಿದ್ದು ನಿಜ.

ಮೊದಲು ಅರ್ಥ ಮಾಡಿಕೊಂಡವರು ಅಮ್ಮ. "ಅಳಿಸಿದ್ರೂ ಒಳಗೆ ಇರುತ್ತಾ?" ಅಂತ ಕೇಳಿದರು.

ಇರುತ್ತೆ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿದರೂ ಹೋಗೋದು ಆ ಫೈಲಿನ ಹೆಸರು, ವಿಳಾಸ ಅಷ್ಟೆ. ಗೇಟಿನ ಮೇಲಿನ ಹೆಸರಿನ ಹಲಗೆ ಕಿತ್ತರೆ ಮನೆಯೊಳಗಿನ ಸಾಮಾನು ಖಾಲಿ ಆಗುತ್ತಾ? ಅದೇ ಜಾಗದ ಮೇಲೆ ಬೇರೇನಾದರೂ ಬರೆಯುವ ತನಕ ಹಳೇದು ಅಲ್ಲೇ ಇರುತ್ತೆ. ಕ್ವಿಕ್ ಫಾರ್ಮ್ಯಾಟಿನ ಕಥೆಯೂ ಅಷ್ಟೇ. ಫೋಟೋರೆಕ್‌ನಂಥ ಪುಕ್ಕಟೆ ಸಾಫ್ಟ್‌ವೇರ್ ಇದ್ದರೆ ಯಾವ ಹುಡುಗ ಬೇಕಾದರೂ ವಾಪಸ್ ತೆಗೆಯಬಲ್ಲ. ಎಸ್‌ಎಸ್‌ಡಿಯ ವಿಷಯ ಸ್ವಲ್ಪ ಬೇರೆ, ಅಲ್ಲಿ ಯಾವ ಜಾಗ ಇನ್ನು ಬೇಡ ಅಂತ ಡ್ರೈವಿಗೆ ತಿಳಿಸುವ ಟ್ರಿಮ್ ಅನ್ನೋ ವ್ಯವಸ್ಥೆ ಇರೋದರಿಂದ ಡಿಲೀಟ್ ಆದದ್ದು ಸಾಮಾನ್ಯವಾಗಿ ಬೇಗ ಅಳಿದುಹೋಗುತ್ತೆ. ಆದರೂ ಅದನ್ನೇ ನೆಚ್ಚಿಕೊಂಡು ಕೂರಬಾರದು.

ಯಜಮಾನರಿಗೆ ಇನ್ನೂ ಅನುಮಾನ ಇತ್ತು. ಆಗ ನಾನು ಕೇಳಿದೆ, "ಸರ್, ನೀವು ಬ್ಯಾಂಕಲ್ಲಿದ್ದಾಗ ಪರಿಚಯದವರು ಚೆಕ್ ತಂದ್ರೆ ಸಹಿ ನೋಡದೆ ದುಡ್ಡು ಕೊಡ್ತಿದ್ರಾ?"

"ನಮ್ಮಪ್ಪ ಬಂದ್ರೂ ಸಹಿ ನೋಡೋನು ನಾನು!"

ಹೇಳಿದವರು ಹಾಗೇ ಸುಮ್ಮನಾದರು. ಆಮೇಲೆ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದರು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದರೆ ಒಳಗೆ ಫ್ಯಾನಿನ ರೆಕ್ಕೆಗಳ ಮೇಲೆ ಬೂದು ಬಣ್ಣದ ಧೂಳು ಹತ್ತಿಯ ಹಾಗೆ ಕೂತಿತ್ತು. ಎರಡು ಕೇಬಲ್, ನಾಲ್ಕು ಸ್ಕ್ರೂ. ಡಿಸ್ಕ್ ಹೊರಗೆ ಬಂತು. ಇದನ್ನು ಸುತ್ತಿಗೆಯಿಂದ ಒಡೆಯೋಕೆ ಹೋಗಬೇಡಿ, ಎಕ್ಸ್‌ಟರ್ನಲ್ ಕೇಸ್ ಒಂದು ತಂದು ಹಾಕಿದರೆ ಫೋಟೋ ಇಟ್ಟುಕೊಳ್ಳೋಕೆ ಆಗುತ್ತೆ ಅಂದೆ. ಮದುವೆ ಫೋಟೋಗಳು ಬೇರೆಲ್ಲಾದರೂ ಇವೆಯಾ ಅಂತಲೂ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಇರಲಿಲ್ಲ! ಇದ್ದ ಒಂದೇ ಪ್ರತಿ ರೀಸೈಕಲ್ ಬಿನ್ನಿನಲ್ಲಿತ್ತು, ಅದನ್ನು ನಾನು ಹೊತ್ತುಕೊಂಡು ಹೋಗುವುದರಲ್ಲಿದ್ದೆ.

ವಯಸ್ಸಾದವರು, ಕಂಪ್ಯೂಟರ್ ಗೊತ್ತಿಲ್ಲ ಅಂತ ಸುಲಭವಾಗಿ ಹೇಳಿಬಿಡಬಹುದು. ನಾನು ಒಪ್ಪಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು, ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೇಲತ್, 2000ದಿಂದ 2002ರ ನಡುವೆ ಅಲ್ಲಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಹಳೆ ಹಾರ್ಡ್ ಡಿಸ್ಕ್ ಕೊಂಡು ಒಳಗೇನಿದೆ ಅಂತ ನೋಡಿದ್ದರು. ಓದೋಕೆ ಬಂದದ್ದು 129. ಅದರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12. ಉಳಿದವುಗಳಲ್ಲಿ 5,000ಕ್ಕೂ ಜಾಸ್ತಿ ಕ್ರೆಡಿಟ್ ಕಾರ್ಡ್ ನಂಬರ್ ಸಿಕ್ಕವು. ಒಂದು ಡಿಸ್ಕ್ ಎಟಿಎಂನದ್ದು. ಎಟಿಎಂ ನಡೆಸುವವರಿಗೇ ಗೊತ್ತಾಗಲಿಲ್ಲ ಅಂದಮೇಲೆ ಕುವೆಂಪುನಗರದ ಯಜಮಾನರನ್ನು ಏನಂತ ದೂರೋಣ?

ನನಗೆ ಸಿಟ್ಟು ಬಂದದ್ದು ಮಗನ ಮೇಲೆ. ಅವರು ಸಾಫ್ಟ್‌ವೇರಿನಲ್ಲೇ ಇರುವವರು. ಪ್ರೊಸೆಸರಿನ ನಂಬರ್ ತಪ್ಪಿಲ್ಲದೆ ಬರೆದಿದ್ದರು. ಐನೂರು ರೂಪಾಯಿಗೆ ಸಂಜೆಯೆಲ್ಲ ಮೆಸೇಜ್ ಮಾಡಿದ್ದರು. ವಿಂಡೋಸಿನ ರೀಸೆಟ್‌ನಲ್ಲಿ ಎಲ್ಲ ತೆಗೆದುಹಾಕು ಅನ್ನುವ ಕಡೆ ಹೋಗಿ, ಡ್ರೈವನ್ನೂ ಪೂರ್ತಿ ಕ್ಲೀನ್ ಮಾಡು ಅಂತ ಆರಿಸಿ ಬಿಟ್ಟಿದ್ದರೆ ಕೆಲವು ಗಂಟೆಯಲ್ಲಿ ಅದರಷ್ಟಕ್ಕೆ ಅದು ಮುಗಿಯುತ್ತಿತ್ತು. ಫೋನಿನಲ್ಲೇ ಅಪ್ಪನಿಗೆ ಹೇಳಿ ಮಾಡಿಸಬಹುದಿತ್ತು. ದೂರದಲ್ಲಿರುವ ಮಕ್ಕಳಿಗೆ ಹಳೆ ಸಾಮಾನು ಅಂದರೆ ಜಾಗ ಖಾಲಿ ಮಾಡೋದು, ಅಷ್ಟೇ ಆಗಿಬಿಟ್ಟಿದೆ. ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ಗುರುತಿಲ್ಲದವರನ್ನು ಕಳಿಸುವಾಗ ಬೆಲೆಯ ಬಗ್ಗೆ ಮಾತ್ರ ಯೋಚನೆ ಮಾಡಿದರೆ ಹೇಗೆ? ಇದನ್ನು ಅವರಿಗೂ ಮೆಸೇಜ್ ಮಾಡಿದೆ. ಸ್ವಲ್ಪ ಖಾರವಾಗೇ ಬರೆದೆ. "ಥ್ಯಾಂಕ್ಸ್ ಸರ್, ಗೊತ್ತಿತ್ತು, ಹೊಳೀಲಿಲ್ಲ" ಅಂತ ಉತ್ತರ ಬಂತು.

ಯಜಮಾನರ ಮಾತನ್ನು ಮಾತ್ರ ನನಗೆ ತಪ್ಪು ಅನ್ನೋಕೂ ಆಗುತ್ತಿಲ್ಲ, ಸರಿ ಅನ್ನೋಕೂ ಆಗುತ್ತಿಲ್ಲ. ಇವರು ಸೈಕಲ್, ರೇಡಿಯೋ, ಹೊಲಿಗೆ ಮಷೀನು ಹೀಗೇ ಕೈ ಬದಲಾಯಿಸಿದ ಕಾಲದವರು. ಮುಖ ನೋಡಿ, ಮಾತು ಕೇಳಿ ಕೊಟ್ಟರೆ ಸಾಕಿತ್ತು. ಆ ನಂಬಿಕೆ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ನನ್ನನ್ನು ಒಳಗೆ ಕರೆದು ಕಾಫಿ ಕೊಡುತ್ತಿರಲಿಲ್ಲ. ಆದರೆ ಸೈಕಲ್ ಜೊತೆ ಮನೆ ಪತ್ರ ಹೋಗುತ್ತಿರಲಿಲ್ಲ, ಮಗಳ ಮದುವೆ ಹೋಗುತ್ತಿರಲಿಲ್ಲ. ಅಪರಿಚಿತರನ್ನು ಮನೆಯೊಳಗೆ ಕರೆಯೋ ಧೈರ್ಯ ಅವರಿಗೆ ಉಳಿಯಬೇಕು ಅಂತಲೇ ನನಗೆ ಆಸೆ. ಅದಕ್ಕೇ ಆ ಡಿಸ್ಕ್ ಅಲ್ಲೇ ಇರಬೇಕಿತ್ತು.

ಕಂಪ್ಯೂಟರಿನ ಜೊತೆಗಿದ್ದ ಯುಪಿಎಸ್ ಇನ್ನೂ ಅವರ ಮನೆಯಲ್ಲೇ ಇದೆ, ಆಟೋದಲ್ಲಿ ಹಿಡಿಸಲಿಲ್ಲ. ಮೊನ್ನೆ ಫೋನ್ ಮಾಡಿದಾಗ ಅಮ್ಮನೇ ಎತ್ತಿಕೊಂಡರು. ಬೀರುವಿನಲ್ಲಿ ಹಳೆ ಲ್ಯಾಪ್‌ಟಾಪ್ ಒಂದಿದೆಯಂತೆ, ಎರಡು ಮೊಬೈಲೂ ಇವೆಯಂತೆ. ಗುಜರಿಯವನಿಗೆ ಕೊಡಬೇಕು ಅಂತ ತೆಗೆದಿಟ್ಟಿದ್ದರು, ಈಗ ತಡೆದಿದ್ದಾರೆ. ಈ ಭಾನುವಾರ ಆ ಹಾರ್ಡ್ ಡಿಸ್ಕಿಗೊಂದು ಕೇಸು, ಒಂದು ಪೆನ್‌ಡ್ರೈವು, ಫೋನಿನ ಕೇಬಲ್ಲುಗಳನ್ನು ತಗೊಂಡು ಹೋಗುತ್ತೇನೆ. ಫೋಟೋ ಎಲ್ಲ ಎರಡು ಕಡೆ ಕಾಪಿ ಮಾಡಿ, ಆಮೇಲೆ ಒಂದೊಂದನ್ನೇ ಅಳಿಸುತ್ತೇವೆ. ಮೌಸ್ ಅಮ್ಮನ ಕೈಯಲ್ಲೇ ಇರುತ್ತೆ, ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ ಅಷ್ಟೆ.