ಮಗುವಿಗೋಸ್ಕರನಾದ್ರೂ ಬಿಡೋಕಾಗಲ್ವಾ?

ಗರ್ಭಿಣಿಯರ ಜೊತೆ, ಹೆರಿಗೆಯಾದವರ ಜೊತೆ ಅವರ ಕುಡಿತದ ಬಗ್ಗೆ ಮಾತಾಡುವುದು ನನ್ನ ಕೆಲಸ. ಹಾಗಂತ ಹೇಳಿ ಮುಗಿಸುವಷ್ಟರಲ್ಲೇ ಎದುರಿನವರ ಹುಬ್ಬು ಮೇಲೇರಿರುತ್ತದೆ. "ಅಲ್ಲಾ, ಹೊಟ್ಟೇಲಿ ಮಗು ಇದೆ ಅಂತ ಗೊತ್ತಿದ್ದೂ ಕುಡೀತಾರಾ? ಮಗುವಿಗೋಸ್ಕರನಾದ್ರೂ ಬಿಡೋಕಾಗಲ್ವಾ? ಬಿಡಮ್ಮಾ ಅಂದ್ರೆ ಮುಗೀತು, ಅದಕ್ಯಾಕೆ ಕೌನ್ಸೆಲಿಂಗು?" ಕೇಳುವವರಿಗೆ ಉತ್ತರವೇನೂ ಬೇಕಿರುವುದಿಲ್ಲ, ನಾನು "ಅಯ್ಯೋ, ಹೌದು ನೋಡಿ" ಅಂದರೆ ಸಾಕು. ನಾನು ಅನ್ನುವುದಿಲ್ಲ. ಇನ್ನು ಮುಂದೆ ಬಾಯಿ ನೋಯಿಸಿಕೊಳ್ಳುವುದೂ ಇಲ್ಲ, ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕುಡಿಯಬಾರದು ಅನ್ನುವುದರಲ್ಲಿ ನನ್ನ ತಕರಾರಿಲ್ಲ. ತಾಯಿ ಕುಡಿದದ್ದು ಮಾಸನ್ನು (ಪ್ಲಾಸೆಂಟಾ) ದಾಟಿ ಭ್ರೂಣದ ರಕ್ತಕ್ಕೆ ಸೇರುತ್ತದೆ, ಅದನ್ನು ಅರಗಿಸುವ ಶಕ್ತಿ ಅಲ್ಲಿನ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ಇದರಿಂದ ಮಗುವಿನ ಬೆಳವಣಿಗೆಗೆ, ಮುಖಚಹರೆಗೆ, ಮಿದುಳಿಗೆ ಆಗುವ ಹಾನಿಗೆ 1973ರಲ್ಲಿ ಅಮೆರಿಕದ ಜೋನ್ಸ್ ಮತ್ತು ಸ್ಮಿತ್ ಎಂಬ ವೈದ್ಯರು 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಅಳತೆ ಇವತ್ತಿಗೂ ಸಿಕ್ಕಿಲ್ಲ. ಬಿಯರಿಗೂ ವೈನಿಗೂ ರಿಯಾಯಿತಿ ಇಲ್ಲ. ಇದೆಲ್ಲ ನನ್ನೆದುರು ಕೂರುವ ಹೆಂಗಸರಿಗೆ ಗೊತ್ತು. ಗೊತ್ತಿರುವುದರಿಂದಲೇ ಸುಳ್ಳು ಹೇಳುತ್ತಾರೆ.

"ನೀವು ಕುಡಿಯಲ್ಲ ತಾನೆ?" ಅಂತ ಕೇಳಿ ನೋಡಿ. ನೂರಕ್ಕೆ ನೂರು "ಇಲ್ಲ". ಉತ್ತರವನ್ನು ನೀವೇ ಬಾಯಿಗಿಟ್ಟಿದ್ದೀರಿ, ಆಕೆ ನುಂಗಿದ್ದಾಳೆ ಅಷ್ಟೆ. ಇದನ್ನು ಅರಿತೇ 1989ರಲ್ಲಿ ಗರ್ಭಿಣಿಯರಿಗೆಂದು 'ಟಿ-ಏಸ್' ಎಂಬ ನಾಲ್ಕು ಪ್ರಶ್ನೆಗಳನ್ನು ರೂಪಿಸಿದರು. ಮೊದಲನೆಯದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ: ಅಮಲು ಏರೋಕೆ ನಿಮಗೆ ಎಷ್ಟು ಕುಡೀಬೇಕಾಗುತ್ತೆ? ಎಷ್ಟು ಕುಡೀತೀರಿ ಅಂತಲ್ಲ. ಎಷ್ಟು ಅಂದರೆ ಎಲ್ಲರೂ ಕಡಿಮೆ ಮಾಡಿ ಹೇಳುತ್ತಾರೆ, ಇದಕ್ಕೆ ಮಾತ್ರ ಯೋಚಿಸಿ ಉತ್ತರ ಕೊಡುತ್ತಾರೆ. ಎರಡು ಡ್ರಿಂಕಿಗಿಂತ ಹೆಚ್ಚು ಬೇಕು ಅಂದರೆ ಮೈಗೆ ಅಭ್ಯಾಸವಾಗಿದೆ ಅಂತ ಅರ್ಥ. ನಿಮ್ಮ ಕುಡಿತದ ಬಗ್ಗೆ ಯಾರಾದರೂ ಅಂದದ್ದಕ್ಕೆ ಸಿಟ್ಟು ಬಂದಿದೆಯಾ, ಕಡಿಮೆ ಮಾಡಬೇಕು ಅನಿಸಿದೆಯಾ, ಬೆಳಿಗ್ಗೆ ಎದ್ದ ಕೂಡಲೇ ಕುಡಿದದ್ದಿದೆಯಾ, ಇವು ಉಳಿದ ಮೂರು. ಯಾರನ್ನೋ ಅನುಮಾನದಿಂದ ಆರಿಸಿ ಕೇಳುವುದಲ್ಲ, ತಪಾಸಣೆಗೆ ಬಂದ ಎಲ್ಲರನ್ನೂ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2014ರಿಂದಲೂ ಹೇಳುತ್ತಿರುವುದು ಅದನ್ನೇ.

ಒಮ್ಮೆ ಒಂದು ಪಾರ್ಟಿಯಲ್ಲಿ ಒಬ್ಬರು ಆ "ಮಗುವಿಗೋಸ್ಕರನಾದ್ರೂ ಬಿಡೋಕಾಗಲ್ವಾ" ಪ್ರಶ್ನೆಯನ್ನು ಕೈಯಲ್ಲಿ ಗ್ಲಾಸ್ ಹಿಡಿದುಕೊಂಡೇ ಕೇಳಿದರು. ಪಕ್ಕದಲ್ಲಿ ತುಂಬು ಬಸುರಿ ಹೆಂಡತಿ, ಕೈಯಲ್ಲಿ ಜ್ಯೂಸು. "ನೋಡಿ ಮೇಡಂ, ನಮ್ಮವಳು ಗೊತ್ತಾದ ದಿನವೇ ಬಿಟ್ಟಳು. ಮನಸ್ಸಿದ್ರೆ ಮಾರ್ಗ." "ಒಳ್ಳೇದಾಯ್ತು. ನೀವ್ಯಾವಾಗ ಬಿಡ್ತೀರಿ?" ಅಂದೆ. ಜೋರಾಗಿ ನಕ್ಕರು. "ನಂಗೇನು ಹೊಟ್ಟೇಲಿ ಮಗು ಇದೆಯಾ?" ಸುತ್ತ ನಿಂತವರೂ ನಕ್ಕರು. ಆಕೆ ನಗಲಿಲ್ಲ, ಗ್ಲಾಸನ್ನೇ ನೋಡುತ್ತಿದ್ದರು, ತಮ್ಮದನ್ನಲ್ಲ, ಅವರದನ್ನು. ಗಂಡ ಕುಡಿಯುವ ಮನೆಯಲ್ಲಿ ಹೆಂಡತಿ ಬಿಟ್ಟದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಅದಕ್ಕೇ ಒಂದು ಸಿಟ್ಟಿಂಗಿಗೆ ಸಂಗಾತಿಯೂ ಬರಲಿ ಅನ್ನುತ್ತೇವೆ. ಬರುವವರು ಕಡಿಮೆ. ಬಂದವರಲ್ಲೂ ಕೆಲವರು ಹೆಂಡತಿಯ ಉತ್ತರವನ್ನೆಲ್ಲ ತಾವೇ ಹೇಳಿ, ಗಡಿಯಾರ ನೋಡಿ ಏಳುತ್ತಾರೆ. (ಹೊಡೆಯುವ ಗಂಡನಾದರೆ ಕರೆಯುವುದೇ ಇಲ್ಲ. ಆಗ ಮಾತಾಡಬೇಕಾದ ವಿಷಯವೇ ಬೇರೆ.)

ಸರಿ, ಕೌನ್ಸೆಲಿಂಗಿನಲ್ಲಿ ಮಾಡುವುದಾದರೂ ಏನು? ಉಪದೇಶವಂತೂ ಅಲ್ಲ. ಬಿಡಿ ಬಿಡಿ ಅಂತ ನಾನು ವಾದಿಸಿದಷ್ಟೂ ಬಿಡದಿರುವುದರ ಪರವಾಗಿ ವಾದಿಸುವ ಕೆಲಸ ಆಕೆಯ ಪಾಲಿಗೆ ಬೀಳುತ್ತದೆ. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ 1983ರಲ್ಲಿ ಇದನ್ನೇ ತಿರುಗಿಸಿ ಒಂದು ವಿಧಾನ ಮುಂದಿಟ್ಟರು, ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅಂತ. ಬಿಡಲು ಕಾರಣ ಏನೆಂದು ಆಕೆಯ ಬಾಯಿಂದಲೇ ಬರಬೇಕು. "ಕುಡಿತ ನಿಲ್ಲಿಸೋದು ನಿಮಗೆ ಎಷ್ಟು ಮುಖ್ಯ, ಹತ್ತರಲ್ಲಿ ಎಷ್ಟು ಅಂಕ?" ಅಂತ ಕೇಳುತ್ತೇನೆ. "ನಾಲ್ಕು" ಅನ್ನುತ್ತಾಳೆ, ಬೈಸಿಕೊಳ್ಳಲು ತಯಾರಾಗಿ. "ಒಂದೇ ಅಂಕ ಯಾಕಲ್ಲ? ನಾಲ್ಕು ಯಾಕೆ?" ಅಂದರೆ ತಬ್ಬಿಬ್ಬಾಗುತ್ತಾಳೆ. ಹತ್ತು ಯಾಕಿಲ್ಲ ಅಂದಿದ್ದರೆ ನೆಪ ಹೇಳುತ್ತಿದ್ದಳು. ಈಗ ನಾಲ್ಕಕ್ಕೆ ಕಾರಣ ಹುಡುಕಬೇಕು, ಆ ಕಾರಣಗಳು ಅವಳವೇ. ಆಮೇಲೆ ಯಾವ ಹೊತ್ತಿಗೆ ಬೇಕೆನಿಸುತ್ತದೆ, ನಿದ್ದೆ ಬರದೆಯೋ, ಮನೆಯಲ್ಲಿ ಜಗಳವಾದ ಮೇಲೆಯೋ, ಒಬ್ಬಳೇ ಇದ್ದಾಗಲೋ ಎಂದು ಒಟ್ಟಿಗೆ ನೋಡುತ್ತೇವೆ. ಬಸಿರು ಅಂತ ಗೊತ್ತಾಗುವ ಮೊದಲು ಕುಡಿದದ್ದಕ್ಕೆ ಹೆದರಿ, "ಆಗೋದು ಆಗಿಹೋಯ್ತಲ್ಲ" ಅಂತ ಕುಡಿತ ಮುಂದುವರಿಸಿದವರೂ ಇರುತ್ತಾರೆ. ಎಂಟನೇ ತಿಂಗಳಲ್ಲಿ ನಿಲ್ಲಿಸಿದರೂ ಲಾಭವಿದೆ, ಮಿದುಳು ಕಡೇ ದಿನದವರೆಗೂ ಬೆಳೆಯುತ್ತಲೇ ಇರುತ್ತದೆ ಅನ್ನುವುದನ್ನು ಅವರಿಗೆ ಹೇಳುವುದೇ ಅರ್ಧ ಕೆಲಸ.

ಇನ್ನು ಆ "ಬಿಡಮ್ಮಾ ಅಂದ್ರೆ ಮುಗೀತು" ಅನ್ನುವವರಿಗೆ. ದಿನಾ ವಿಪರೀತ ಕುಡಿದು ಮೈ ಅದಕ್ಕೆ ಒಗ್ಗಿಹೋದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರಿಗೂ ಅಪಾಯ. ಅಂಥವರನ್ನು ಆಸ್ಪತ್ರೆಯಲ್ಲಿಟ್ಟುಕೊಂಡು, ಔಷಧಿಯ ಆಸರೆಯಲ್ಲಿ ಬಿಡಿಸಬೇಕು. ಮನೆಯವರ ಬೈಗುಳಕ್ಕೆ ಹೆದರಿ ರಾತ್ರೋರಾತ್ರಿ ಬಿಡುವ ಸಾಹಸ ಬೇಡ. ಇದನ್ನು ಓದುತ್ತಿರುವವರು ನೀವೇ ಆಗಿದ್ದರೆ, ನಾಳೆಯೇ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಹೆರಿಗೆ ಆದ ಮೇಲೆ ಅವಳ ಕಥೆ ಏನು? ಒಂಬತ್ತು ತಿಂಗಳು ಕಾವಲಿಗೆ ಊರಿಗೆ ಊರೇ ಇರುತ್ತದೆ. ಮಗು ಹೊರಬಂದ ಮೇಲೆ ಎಲ್ಲರ ಕಣ್ಣು ತೊಟ್ಟಿಲ ಕಡೆ. ಬಸಿರಲ್ಲಿ ಬಿಟ್ಟವರಲ್ಲಿ ಅನೇಕರು ಮತ್ತೆ ಶುರುಮಾಡುವುದು ಈಗಲೇ. ನಿದ್ದೆ ಇಲ್ಲ, ಮೈ ನೋವು, ಕಾರಣವಿಲ್ಲದ ಅಳು, ಜೊತೆಗೆ "ಇನ್ನೇನು, ಮಗು ಹೊರಗೆ ಬಂತಲ್ಲ" ಎಂಬ ಸಮಾಧಾನ. ಕುಡಿದದ್ದು ಎದೆಹಾಲಿಗೂ ಇಳಿಯುತ್ತದೆ. ರಕ್ತದಲ್ಲಿ ಇರುವಷ್ಟು ಹೊತ್ತೂ ಹಾಲಿನಲ್ಲಿ ಇರುತ್ತದೆ, ಹಾಲು ಹಿಂಡಿ ಚೆಲ್ಲಿದರೆ ಬೇಗ ಹೋಗುವುದಿಲ್ಲ. ಒಂದು ಡ್ರಿಂಕಿಗೆ ಕನಿಷ್ಠ ಎರಡು ಗಂಟೆ ಕಾಯಬೇಕು. ಕುಡಿದವರು ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲೇಬಾರದು. ಇಷ್ಟನ್ನು ಬೈಯದೆ ಹೇಳುವವರು ಆಕೆಗೆ ಬೇಕು. ಬಾಣಂತಿಯ ಖಿನ್ನತೆಯಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಕುಡಿತವೊಂದನ್ನೇ ಹಿಡಿದು ಜಗ್ಗಿದರೆ ಆಗದು.

ಮಗುವಿಗೆ ಲಸಿಕೆ ಹಾಕಿಸಲು ಆಕೆ ಹೇಗೂ ಬರುತ್ತಾಳೆ. ಅವತ್ತು ಅವಳನ್ನೂ ಹತ್ತು ನಿಮಿಷ ಪಕ್ಕಕ್ಕೆ ಕೂರಿಸಿ ಆ ನಾಲ್ಕು ಪ್ರಶ್ನೆ ಮತ್ತೆ ಕೇಳಬಹುದು. ನಾನು ನೋಡಿದ ಕಡೆಯೆಲ್ಲ ಮಗುವಿನ ತೂಕ ಬರೆದುಕೊಂಡು ಇಬ್ಬರನ್ನೂ ಕಳಿಸಿಬಿಡುತ್ತಾರೆ.