ಡಬ್ಬಿ ತುಂಬಾ ಥರ್ಮೋಸ್ಟಾಟ್

"ಸ್ಟೌ ಮೇಲೆ ಬಾಯಿ ಬಿಡುತ್ತೆ ಸಾರ್. ಘಾಟಲ್ಲಿ ಬಿಡಬೇಕಲ್ಲ?"

ಈ ವಾರ ನಮ್ಮ ಲಾರಿ ರಿಪೇರಿ ಮೇಸ್ತ್ರಿ ಥರ್ಮೋಸ್ಟಾಟ್ ಬಗ್ಗೆ, ಅಂದರೆ ಇಂಜಿನ್ ನೀರಿನ ದಾರಿಯಲ್ಲಿ ಕೂತು ಶಾಖಕ್ಕೆ ತಾನೇ ಬಾಯಿ ತೆರೆಯುವ ಒಂದು ಸಣ್ಣ ಸಾಮಾನಿನ ಬಗ್ಗೆ ಹೇಳಿದ ಮಾತು ಇದು. ಊಟಕ್ಕೆ ಕೂತರೂ ಅದೇ, ಅಣ್ಣನ ಜೊತೆ ಬಾಡಿಗೆ ಲೆಕ್ಕ ನೋಡುವಾಗಲೂ ಅದೇ. ಆ ವಾದದಲ್ಲಿ ಗೆದ್ದವರು ಅವರೋ ನಾನೋ ಇನ್ನೂ ತೀರ್ಮಾನ ಆಗಿಲ್ಲ.

ಲಾರಿ ನಮ್ಮದು ಹಳೇ ಟಾಟಾ 1613. ಒಟ್ಟು ತೂಕ ಸುಮಾರು 16 ಟನ್, ಇಂಜಿನ್ 130 ಹಾರ್ಸ್‌ಪವರ್ ಆಸುಪಾಸು, ಹೆಸರಲ್ಲೇ ಎರಡೂ ಇದೆ. ಅಪ್ಪನ ಕಾಲದ್ದು. ಮಂಗಳೂರಿನಿಂದ ಗೊಬ್ಬರ ಹೇರಿಕೊಂಡು ಬರುವಾಗ ಶಿರಾಡಿ ಘಾಟಿಯಲ್ಲಿ ಕುದಿಯಿತು. ಗುಂಡ್ಯ ದಾಟಿ ಏರು ಶುರುವಾದ ಮೇಲೆ. ಟೆಂಪರೇಚರ್ ಮೀಟರಿನ ಮುಳ್ಳು ಸತ್ತು ಯಾವ ಕಾಲವಾಯಿತೋ, ಹಾಗಾಗಿ ಡ್ರೈವರ್ ಮಾವನಿಗೆ ಗೊತ್ತಾಗಿದ್ದು ವಾಸನೆಯಿಂದ. ಲಾರಿ ಪಕ್ಕಕ್ಕೆ ಹಾಕಿ, ಇಂಜಿನ್ ಆರುವವರೆಗೆ ಕಾದು, ಒದ್ದೆ ಗೋಣಿಚೀಲ ಹೊದಿಸಿ, ಇಂಜಿನ್ ನೀರನ್ನು ತಣಿಸುವ ರೇಡಿಯೇಟರಿನ ಕ್ಯಾಪ್ ಬಿಚ್ಚಿದ್ದಾರೆ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಿರುಕು ಬಿಡುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಲಗೈ ಮೊಣಕೈ ಕೆಳಗೆ ಹಳೇ ಸುಟ್ಟ ಕಲೆ ಇದೆ. ಅದು ಇನ್ಯಾರದೋ ಲಾರಿಯ ಕ್ಯಾಪ್ ಕೊಟ್ಟಿದ್ದು.

ಅಣ್ಣ ಫೋನಲ್ಲೇ ತೀರ್ಪು ಕೊಟ್ಟ: "ನೀರು ಕಡಿಮೆ ಆಗಿರುತ್ತೆ, ತುಂಬಿಸ್ಕೊಂಡು ಬರಲಿ." ನಮ್ಮ ಅಣ್ಣ ಒಳ್ಳೆಯವನೇ. ಕ್ಯಾಬಿನ್‌ಗೆ ಹೊಸ ಬಣ್ಣ, ಹಿಂದೆ ಎರಡು ಹಂಸ, ಮುಂದೆ ಕುಚ್ಚು, ದೃಷ್ಟಿಗೆ ಕರೀ ದಾರ, ಇದಕ್ಕೆಲ್ಲ ಅವನ ಜೇಬು ತೆರೆಯುತ್ತದೆ. ರೇಡಿಯೇಟರ್ ನೀರಿಗೆ ಬೆರೆಸುವ ಕೂಲಂಟ್ ಅಂದರೆ ಮಾತ್ರ ಮುಖ ಸಿಂಡರಿಸುತ್ತಾನೆ. "ಹಸಿರು ನೀರಿಗೆ ದುಡ್ಡಾ?" ಅಂತ. ಸುಮ್ನೆ ವಾದ ಯಾಕೆ ಅಂತ ಈ ಸಲ ಅವನಿಗೆ ಹೇಳದೆ ಲಾರಿಯನ್ನು ಗ್ಯಾರೇಜಿಗೆ ಬಿಟ್ಟೆ.

ರೇಡಿಯೇಟರ್ ಕೆಳಗಿನ ಕಾಕ್ ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ತಂತಿ ಹಾಕಿ ತಿವಿದ ಮೇಲೆ ಇಟ್ಟಿಗೆ ಬಣ್ಣದ ನೀರು ಇಳಿಯಿತು. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಇಂಜಿನ್ ಬ್ಲಾಕಿನ ಪಕ್ಕದಲ್ಲಿ ಇನ್ನೊಂದು ಡ್ರೈನ್ ಪ್ಲಗ್ ಇರುತ್ತದೆ, ಅದನ್ನು ಬಿಚ್ಚದಿದ್ದರೆ ಹಳೇ ನೀರು ಅರ್ಧ ಒಳಗೇ ಉಳಿಯುತ್ತದೆ. ಆ ಪ್ಲಗ್ ಅಂತೂ ಅಪ್ಪನ ಕಾಲದಿಂದ ಯಾರೂ ಮುಟ್ಟಿರಲಿಲ್ಲ ಅಂತ ಕಾಣುತ್ತದೆ. ಬಿಚ್ಚಿದರೂ ತೂತಿನಿಂದ ನೀರಿಲ್ಲ, ಕೆಸರು. ಸ್ಕ್ರೂಡ್ರೈವರ್‌ನಲ್ಲಿ ಕೆದಕಿ ತೆಗೆದರು.

ರೇಡಿಯೇಟರ್ ಬಿಚ್ಚಿ, ಅದನ್ನೇ ರಿಪೇರಿ ಮಾಡುವ ಭಾಯಿ ಅಂಗಡಿಗೆ ಒಯ್ದೆ. ಭಾಯಿ ಬೆಸುಗೆ ಕರಗಿಸಿ ಮೇಲಿನ ಟ್ಯಾಂಕ್ ಎತ್ತಿದರು, ಒಳಗೆ ನೋಡಿ ನಕ್ಕರು. ಸಾಲು ಟ್ಯೂಬುಗಳಲ್ಲಿ ಎಷ್ಟೋ ಬಾಯಿ ಮುಚ್ಚಿಯೇ ಹೋಗಿದ್ದವು. ನಮ್ಮ ಚಿತ್ರದುರ್ಗದ ಕಡೆ ಬಚ್ಚಲುಮನೆ ಹಂಡೆಯ ಒಳಗೆ ಬಿಳೀ ಪದರ ಕಟ್ಟುತ್ತದಲ್ಲ, ಕೆರೆದರೂ ಬಿಡದ್ದು, ಅದೇ ಇಲ್ಲೂ ಕಟ್ಟಿತ್ತು, ತುಕ್ಕು ಬೆರೆತು ಕಂದಾಗಿ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಸುಣ್ಣ ಬಿಸಿಯಾದ ಹಾಗೆ ಹೊರಗೆ ಬೀಳುತ್ತದೆ. ಎಲ್ಲಿ ಶಾಖ ಜಾಸ್ತಿಯೋ ಅಲ್ಲೇ ಮೊದಲು ಕೂರುತ್ತದೆ, ಅಂದರೆ ಸಿಲಿಂಡರ್ ಸುತ್ತ, ಹೆಡ್ಡಿನ ಒಳಗೆ. ಸುಣ್ಣ ಶಾಖವನ್ನು ಕಬ್ಬಿಣದಷ್ಟು ಬೇಗ ಬಿಟ್ಟುಕೊಡುವುದಿಲ್ಲ. ನೀರು ತುಂಬಿದ್ದರೂ ಇಂಜಿನ್ ಬೇಯುವುದು ಹೀಗೆ.

ಡ್ರೈವರ್ ಮಾವ ಆಗ ಹೇಳಿದ ವಿಷಯ ನನಗೆ ಹೊಸದು. ಅಪ್ಪ ಇದ್ದಾಗ ಘಾಟಿಯ ಝರಿ ನೀರನ್ನೇ ಕ್ಯಾನಲ್ಲಿ ತುಂಬಿಕೊಂಡು ಬಂದು ರೇಡಿಯೇಟರ್‌ಗೆ ಹಾಕುತ್ತಿದ್ದರಂತೆ. ಮಳೆ ನೀರು, ಸುಣ್ಣ ಕಡಿಮೆ. "ನಿಮ್ಮಪ್ಪಂಗೆ ಗೊತ್ತಿತ್ತು ತಮ್ಮಾ, ಆ ನೀರಲ್ಲಿ ಬೇಳೆ ಬೇಗ ಬೇಯುತ್ತೆ ಅಂತಿದ್ರು." ಅಪ್ಪ ಹೋದ ಮೇಲೆ ಅಣ್ಣ, ಅಷ್ಟು ಹೊತ್ತು ಯಾಕೆ ಘಾಟಿಯಲ್ಲಿ ನಿಲ್ಲಿಸ್ತೀರ ಅಂದನಂತೆ. ಕ್ಯಾನು ಹೋಯಿತು.

ಭಾಯಿಯ ಕೆಲಸ ನೋಡಲು ಒಂದು ಚಂದ. ತೆಳುವಾದ ಚಪ್ಪಟೆ ಸ್ಟೀಲ್ ಪಟ್ಟಿಯನ್ನು ಒಂದೊಂದೇ ಟ್ಯೂಬಿಗೆ ಇಳಿಸುವುದು, ಎಳೆಯುವುದು, ಮತ್ತೆ ಇಳಿಸುವುದು. ಆಸಿಡ್ ಹುಯ್ದರೆ ಬೇಗ ಆಗಲ್ವಾ ಅಂತ ಕೇಳಿದ್ದಕ್ಕೆ, "ಆಗುತ್ತೆ. ಬೆಸುಗೆನೂ ಬೇಗ ಹೋಗುತ್ತೆ" ಅಂದರು. ಬಚ್ಚಲು ತೊಳೆಯುವ ಆಸಿಡ್ ಹುಯ್ದು ಹಾಳಾದ ಕೋರುಗಳು, ಅಂದರೆ ಟ್ಯೂಬು-ಜಾಲರಿಯ ನಡುಭಾಗಗಳು, ಅವರ ಅಂಗಡಿ ಮೂಲೆಯಲ್ಲಿ ರಾಶಿ ಬಿದ್ದಿವೆ. ಹಳೇ ತಾಮ್ರ-ಹಿತ್ತಾಳೆಯ ರೇಡಿಯೇಟರಿಗೆ ಇದೊಂದು ಭಾಗ್ಯ: ಬಿಚ್ಚಬಹುದು, ತಿವಿಯಬಹುದು, ಮತ್ತೆ ಬೆಸೆಯಬಹುದು. ಈಗಿನ ಅಲ್ಯೂಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕಿನವಕ್ಕೆ ಈ ಉಪಚಾರ ಇಲ್ಲ. ಹೊರಗಡೆ ಜಾಲರಿಯ ತುಂಬಾ ಮೆಕ್ಕೆಜೋಳದ ಹೊಟ್ಟು. ಅದನ್ನು ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೆಗೆಯಬೇಕು, ಮುಂದಿನಿಂದ ಹೊಡೆದರೆ ಇನ್ನೂ ಒಳಕ್ಕೆ ನುಗ್ಗುತ್ತದೆ. ಜೋರು ಪ್ರೆಶರ್ ಬಿಟ್ಟರೆ ಜಾಲರಿ ಮಡಚಿಕೊಳ್ಳುತ್ತದೆ.

ಬ್ಲಾಕಿಗೆ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ನೀರು. ಇಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆರಿಸಿ, ಬಸಿದು, ಆಮೇಲೆ ಹರಿದು ಬರುವ ನೀರು ತಿಳಿಯಾಗುವ ತನಕ ಉಲ್ಟಾ ದಿಕ್ಕಿನಲ್ಲಿ ಪೈಪ್ ಬಿಟ್ಟು ತೊಳೆಯುವುದು. ಉಲ್ಟಾ ಯಾಕೆಂದರೆ ನೀರು ಬರುವ ದಿಕ್ಕಿನಲ್ಲಿ ಕೂತ ಕೊಳೆ ಎದುರು ದಿಕ್ಕಿಗೆ ಸುಲಭವಾಗಿ ಏಳುತ್ತದೆ. ಹೀಗೆ ತೊಳೆಯಲೆಂದು ಮೇಲಿನ ಹೌಸಿಂಗ್ ಬಿಚ್ಚಿದಾಗಲೇ ಕಂಡಿದ್ದು: ಥರ್ಮೋಸ್ಟಾಟ್ ಕೂರಬೇಕಾದ ಜಾಗ ಖಾಲಿ.

"ಇದೆಲ್ಲಿ ಹೋಯ್ತು?"

"ನಾನೇ ತೆಗೆದಿದ್ದು ಸಾರ್, ನಿಮ್ಮ ತಂದೆಯವರು ಇದ್ದಾಗಲೇ. ಅದು ಫಾರಿನ್‌ನೋರಿಗೆ. ಚಳಿ ದೇಶಕ್ಕೆ. ನಮ್ಮ ಬಿಸಿಲಿಗೆ ಯಾಕೆ?"

ಫಾರಿನ್ ಅನ್ನೋದು ಪೂರ್ತಿ ಸುಳ್ಳಲ್ಲ. ಟಾಟಾದವರು 1954ರಿಂದ 15 ವರ್ಷ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡಿದರು, ಈ ಇಂಜಿನ್‌ನ ಬೇರು ಅಲ್ಲಿಯದೇ. ಆದರೆ ಸಿಲಿಂಡರಿನ ಒಳಗೆ ಜರ್ಮನಿಯೂ ಒಂದೇ, ಚಳ್ಳಕೆರೆಯೂ ಒಂದೇ. ಡೀಸೆಲ್‌ಗೆ ಸ್ಪಾರ್ಕ್ ಇಲ್ಲ, ಅದು ಹೊತ್ತಿಕೊಳ್ಳುವುದು ಶಾಖದಿಂದ. ಇಂಜಿನ್ 80 ಡಿಗ್ರಿ ಆಸುಪಾಸು ಮುಟ್ಟುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ಒಳಗೇ ಸುತ್ತಿಸುವುದು ಥರ್ಮೋಸ್ಟಾಟ್ ಕೆಲಸ. ಒಳಗೆ ಒಂದು ಮೇಣದ ಉಂಡೆ, ಕಾದರೆ ಹಿಗ್ಗುತ್ತದೆ, ಬಾಯಿ ತೆರೆಯುತ್ತದೆ. ಅಷ್ಟೇ. ಅದು ಇಲ್ಲದಿದ್ದರೆ ಬಾಡಿಗೆ ಖಾಲಿ ಇದ್ದಾಗ, ಇಳಿಜಾರಲ್ಲಿ, ರಾತ್ರಿಯಲ್ಲಿ ಇಂಜಿನ್ ತಣ್ಣಗೇ ಓಡುತ್ತದೆ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಕೆಡುತ್ತದೆ. ಇನ್ನೂ ಮಜಾ ಅಂದರೆ, ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗಲೇ ಬೈಪಾಸ್ ದಾರಿ ಮುಚ್ಚುವುದು. ಅದನ್ನೇ ಕಿತ್ತರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಒಂದಷ್ಟು ಬಿಸಿನೀರು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಇಂಜಿನ್‌ಗೆ ಬರುತ್ತದೆ. ಘಾಟಿ ಏರುವಾಗ ಬೇಕಾಗಿದ್ದು ಇದೇನಾ?

ಇಷ್ಟೂ ನಾನು ಹೇಳಿದೆ. ಮೇಸ್ತ್ರಿ ಏನೂ ಮಾತಾಡದೆ ಒಳಗೆ ಹೋಗಿ ಒಂದು ಹಳೇ ಗ್ರೀಸ್ ಡಬ್ಬಿ ತಂದು ಬೆಂಚಿನ ಮೇಲೆ ಬೋರಲು ಹಾಕಿದರು. ತುಂಬಾ ಥರ್ಮೋಸ್ಟಾಟ್. ದೊಡ್ಡದು, ಸಣ್ಣದು, ಹಿತ್ತಾಳೆಯದು, ಸ್ಟೀಲಿನದು. ಊರಿನ ಎಷ್ಟು ಲಾರಿಗಳಿಂದ ಕಿತ್ತಿದ್ದೋ. ಎಸೆಯಲು ಮನಸ್ಸು ಬಂದಿಲ್ಲ ಅಂತೆ, ಕಂಪನಿ ಮಾಲು.

ಗ್ಯಾರೇಜಿನ ಟೀ ಸ್ಟೌ ಮೇಲೆ ಪಾತ್ರೆ ಇಟ್ಟು ನೀರು ಕಾಯಿಸಿ ಅವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆವು. ತಳ ತಾಗಬಾರದು, ತಾಗಿದರೆ ಪಾತ್ರೆಯ ಶಾಖಕ್ಕೇ ತೆರೆದುಬಿಡುತ್ತದೆ. ಹೆಲ್ಪರ್ ಹುಡುಗರೆಲ್ಲ ಸುತ್ತ ನಿಂತರು. ನೀರು ಕುದಿಯುವ ಮೊದಲೇ ಒಂದು ಬಾಯಿ ಬಿಟ್ಟಿತು. ಆಮೇಲೆ ಇನ್ನೊಂದು. ಕೆಲವು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆದರೆ ಹೆಚ್ಚಿನವು ನಿಧಾನಕ್ಕೆ ತೆರೆದು, ಹೊರಗೆ ತೆಗೆದು ಇಟ್ಟರೆ ತಣ್ಣಗಾಗುತ್ತ ಮುಚ್ಚಿಕೊಂಡವು. ಏನೂ ತಪ್ಪು ಮಾಡದ ಸಾಮಾನು. ನಾನು ಮೇಸ್ತ್ರಿ ಮುಖ ನೋಡಿದೆ. ಅವರು ಸ್ಟೌ ಆರಿಸಿ, ನಾನು ಶುರುವಿಗೇ ಬರೆದ ಆ ಮಾತು ಹೇಳಿದರು.

ಅವರ ಮೇಲೆ ನನಗೆ ಸಿಟ್ಟು ಬಂದಿತ್ತು ನಿಜ. ಮನೆಗೆ ಬಂದು ಯೋಚಿಸಿದಾಗ ಸಿಟ್ಟಿಗೆ ಜಾಗ ಸಿಗಲಿಲ್ಲ. ಬೋರ್‌ವೆಲ್ ನೀರಲ್ಲಿ ಓಡುವ ಲಾರಿಯಲ್ಲಿ ಥರ್ಮೋಸ್ಟಾಟ್‌ಗೂ ಸುಣ್ಣ ಮೆತ್ತುತ್ತದೆ, ಮುಚ್ಚಿದಂತೆಯೇ ಜಾಮ್ ಆಗುತ್ತದೆ. ಆಗ ರಾತ್ರಿ ಘಾಟಿಯಲ್ಲಿ ಇಂಜಿನ್ ಕಾದು ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸುಟ್ಟರೆ ಓನರ್ ಬೈಯುವುದು ನೀರನ್ನಲ್ಲ, ಮೇಸ್ತ್ರಿಯನ್ನು. ಕಿತ್ತುಹಾಕಿದರೆ ಆ ಭಯ ಇಲ್ಲ. ಡೀಸೆಲ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಇಂಜಿನ್ ಕೆಲವು ವರ್ಷ ಮುಂಚೆ ಬೋರಿಂಗ್‌ಗೆ, ಅಂದರೆ ಸವೆದ ಸಿಲಿಂಡರ್ ಕೊರೆಸುವ ಹಂತಕ್ಕೆ, ಬರುತ್ತದೆ, ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ನೀರು ಮಾಡಿದ ತಪ್ಪಿಗೆ ಥರ್ಮೋಸ್ಟಾಟ್ ಡಬ್ಬಿ ಸೇರಿತು.

ನಮ್ಮ ಲಾರಿಯಲ್ಲಿ ಹಾಗೆ ಹೋದದ್ದು ಅದೊಂದೇ ಅಲ್ಲ. ಮೀಟರ್ ಹೋಯಿತು, ಓಡುತ್ತಿತ್ತು. ಫ್ಯಾನ್ ಸುತ್ತಲಿನ ತಗಡು ಯಾವಾಗಲೋ ಬಿದ್ದುಹೋಯಿತು, ಓಡುತ್ತಿತ್ತು. ಕ್ಯಾಪಿನ ರಬ್ಬರ್ ಬಿರಿದು ಒತ್ತಡವೇ ನಿಲ್ಲುತ್ತಿರಲಿಲ್ಲ, ಅದೂ ಓಡುತ್ತಿತ್ತು. ಕ್ಯಾಪ್ 7 ಪೌಂಡ್ ಒತ್ತಡ ಹಿಡಿದರೆ ನೀರು ಕುದಿಯಲು 110 ಡಿಗ್ರಿ ದಾಟಬೇಕು. ಒತ್ತಡ ಇಲ್ಲದಿದ್ದರೆ ಸಕಲೇಶಪುರದ ಎತ್ತರದಲ್ಲಿ 97ಕ್ಕೇ ಕುದಿಯುತ್ತದೆ. "ಓಡ್ತಾ ಇದೆಯಲ್ಲ" ಅನ್ನುವವರ ಎದುರು ವಾದ ಮಾಡಿ ಗೆದ್ದವರು ಇಲ್ಲ. ಮೇಸ್ತ್ರಿ ಅಂದರು, ಅಣ್ಣ ಅಂದ, ಅಪ್ಪನೂ ಅಂದಿರಬೇಕು. ಆದರೆ ಮೂವರಲ್ಲಿ ಯಾರೂ ಆ ಇಂಜಿನ್ ಪಕ್ಕ ಕೂತು ಘಾಟಿ ಹತ್ತುವವರಲ್ಲ. ಹತ್ತುವವರನ್ನು ಯಾರೂ ಕೇಳಿರಲಿಲ್ಲ, ನಾನೂ ಸೇರಿ. ಸಂಬಳ, ಬಾಟಾ ವಿಷಯಕ್ಕೆ ಬಿಟ್ಟರೆ ಡ್ರೈವರ್ ಜೊತೆ ಲಾರಿಯ ಬಗ್ಗೆ ಕೂತು ಮಾತಾಡುವ ಓನರ್ ನಮ್ಮ ಕಡೆ ಕಡಿಮೆ.

ಹೊಸ ಥರ್ಮೋಸ್ಟಾಟ್ ತಂದೆ, ಹೊಸ ಕ್ಯಾಪ್, ಕೆಳಗಿನ ಹೋಸ್ ಕೂಡ ಮೆತ್ತಗಾಗಿತ್ತು, ಅದೂ ಬದಲಾಯಿತು. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಕ್ಯಾಪ್ ತೆರೆದಿಟ್ಟೇ ಇಂಜಿನ್ ಓಡಿಸಿ, ಥರ್ಮೋಸ್ಟಾಟ್ ತೆರೆದು ಗಾಳಿ ಗುಳುಗುಳು ಅಂತ ಹೊರಬಂದು ನೀರು ಇಳಿದಾಗ ಮತ್ತೆ ತುಂಬಿಸಿದರು. ಕೆಳಗೆ ಚೆಲ್ಲಿದ ಹಸಿರು ನೀರನ್ನು ನೆಕ್ಕಲು ಗ್ಯಾರೇಜಿನ ನಾಯಿ ಬಂತು. ಅದು ಸಿಹಿ, ಆದರೆ ವಿಷ. ಹುಡುಗರು ನಾಯಿ ಓಡಿಸಿ ಮಣ್ಣು ಹಾಕಿ ಗುಡಿಸಿದರು.

ಡ್ರೈವರ್ ಮಾವ ಇದೆಲ್ಲ ನೋಡುತ್ತಾ ನಿಂತಿದ್ದವರು ಕೊನೆಗೆ ಬಾಯಿ ತೆರೆದರು. "ತಮ್ಮಾ, ಅದನ್ನ ಇಡಿ, ಬಿಡಿ, ನಿಮ್ಮಿಷ್ಟ. ನಂಗೆ ಮುಳ್ಳು ಸರಿ ಮಾಡಿಸಿಕೊಡು. ಅದು ತೆರೀತೋ ಇಲ್ವೋ ಗೊತ್ತಾದ್ರೆ ಸಾಕು, ನಾನು ನಿಲ್ಲಿಸ್ಕೋತೀನಿ."

ಮೇಸ್ತ್ರಿಗೆ ನಾನು ಕೊಡಲಾಗದ ಉತ್ತರ ಅದು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಮೀಟರ್ ಸರಿಯಾಗಿಯೇ ಇತ್ತು, ಸೆನ್ಸರ್ ಹತ್ತಿರ ವೈರ್ ಕಡಿದಿತ್ತು ಅಷ್ಟೇ. ಮಾವನಿಗೆ ಒಂದೇ ಎಚ್ಚರಿಕೆ ಹೇಳಿದರು: ನೀರು ಪೂರ್ತಿ ಖಾಲಿಯಾದರೆ ಸೆನ್ಸರ್‌ಗೆ ತಾಗಲು ನೀರೇ ಇರುವುದಿಲ್ಲ, ಆಗ ಮುಳ್ಳನ್ನು ನಂಬಬೇಡಿ. ಮಾವ ತಲೆಯಾಡಿಸಿದರು. ಮೂಗು ಇದೆಯಲ್ಲ ಅಂದರು.

ಬಿಲ್ಲು ಅಣ್ಣನ ಟೇಬಲ್ ಮೇಲಿದೆ, ಇನ್ನೂ ಮಾತಾಡಿಲ್ಲ. ಲಾರಿ ನಾಳೆ ಮತ್ತೆ ಮಂಗಳೂರಿಗೆ ಹೊರಡುತ್ತದೆ. ಮೇಸ್ತ್ರಿ ಸಂಜೆ ಫೋನ್ ಮಾಡಿದ್ದರು. ಬರುವಾಗ ಲೋಡಲ್ಲಿ ಘಾಟಿ ಹತ್ತುವಾಗ ಮುಳ್ಳು ಎಲ್ಲಿ ನಿಂತಿತ್ತು ಅಂತ ತನಗೂ ಹೇಳಬೇಕಂತೆ.