ಎಸಿ ತರೋಕ್ಕಿಂತ ಮದಲ ಮಾಳಗಿಗೆ ಸುಣ್ಣ ಹಚ್ರಿ

ಕಲಬುರಗಿ ಬಿಸಲಿನ ಬಗ್ಗೆ ಹೊಸದಾಗಿ ಹೇಳೋದೇನೂ ಇಲ್ಲ, ಏಪ್ರಿಲ್ ಬಂತಂದ್ರ 42, 43 ಡಿಗ್ರಿ ನಮಗ ಮಾಮೂಲಿ. ಹಗಲು ಹೆಂಗೋ ಕಳೀತದ, ಕೆಲಸ ಬೊಗಸಿ ಅಂತ ಹೊರಗ ಇರ್ತೀವಿ, ತ್ರಾಸ ಆಗೋದು ರಾತ್ರಿ. ಹತ್ತು ಗಂಟೆಕ್ಕ ಅಂಗಳದಾಗ ನಿಂತ್ರ ಗಾಳಿ ಚಲೋ ಬೀಸ್ತಿರ್ತದ, ಒಳಗ ಬಂದು ಮಲಗಿದ್ರ ಕಾದ ಹಂಚು ಮುಖದ ಮುಂದ ಹಿಡ್ದಂಗ ಮ್ಯಾಲಿಂದ ಝಳ, ಫ್ಯಾನ್ ಹಚ್ಚಿದ್ರ ಅದ ಝಳಾನ ಕೆಳಗ ತಂದು ಸುರೀತದ. ಎರಡು ವರ್ಷದ ಹಿಂದ ಮೇ ತಿಂಗಳಾಗ ಒಂದಿನ ರಾತ್ರಿ ಎರಡಕ್ಕ ನೀರು ಕುಡಿಯಾಕ ಎದ್ದಾಗ ನೋಡಿದ್ರ ನಮ್ಮವ್ವ ಸೆರಗು ತೊಯಿಸ್ಕೊಂಡು ತಲಿ ಮ್ಯಾಲ ಹಾಕ್ಕೊಂಡು ಬಚ್ಚಲ ಬಾಗಿಲದಾಗ ಪರಸಿ ಮ್ಯಾಲ ಕುಂತಿದ್ದಳು. 70 ದಾಟಿದಾಕಿ, ಬಿಪಿ ಗುಳಿಗಿ ತಗೊಳ್ಳಾಕಿ. ಯಾಕವ್ವಾ ಅಂದ್ರ "ನೀ ಮಲಕೋ ತಮ್ಮಾ, ಇಲ್ಲಿ ಜರಾ ತಣ್ಣಗದ" ಅಂದಳು. ಅವತ್ತ ನನಗ ನಿದ್ದಿ ಬರಲಿಲ್ಲ.

ಮರುದಿನ ಎಸಿ ವಿಚಾರಿಸಿದೆ. ಒಂದೂವರೆ ಟನ್ನಿನ ಎಸಿ, ಸ್ಟೆಬಿಲೈಸರ್, ಪೈಪು, ಹಾಕೋ ಕೂಲಿ ಎಲ್ಲಾ ಹಿಡ್ದು ನಲವತ್ತು ಸಾವಿರದ ಮ್ಯಾಲ ಹೋಗ್ತಿತ್ತು. ರೊಕ್ಕ ಹೆಂಗರೆ ಹೊಂದಿಸಬಹುದಿತ್ತು, ಆದ್ರ ಸರ್ಕಾರದ ಪುಕ್ಕಟ ಕರೆಂಟಿನ ಗೃಹಜ್ಯೋತಿ ಲೆಕ್ಕ ನೆನಪಿಗೆ ಬಂತು. 2023ರಿಂದ ಕರೆಂಟ್ ಬಿಲ್ ಸೊನ್ನೆ ಬರಾಕತ್ತಿತ್ತು, ಹಿಂದಿನ ಸರಾಸರಿ ಮ್ಯಾಲ ಶೇಕಡಾ 10 ಸೇರಿಸಿ ನಮಗೊಂದು ಮಿತಿ ಹಾಕ್ಯಾರ, ಅದನ್ನ ದಾಟಿದ್ರ ಹೆಚ್ಚಿನದಕ್ಕ ನಾವ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿತಂದ್ರ ಪೂರಾ ಬಿಲ್ ನಮ್ಮ ತಲಿ ಮ್ಯಾಲ. ರಾತ್ರಿ ಎಂಟು ತಾಸು ಎಸಿ ಹಚ್ಚಿದ್ರ 200 ದಾಟೋದು ಗ್ಯಾರಂಟಿ. ಅದಕ್ಕ ಝಳ ಬರೋದು ಎಲ್ಲಿಂದ ಅಂತ ಮದಲ ನೋಡೋಣ ಅಂದ್ಕೊಂಡೆ.

ನಮ್ಮ ಎಲೆಕ್ಟ್ರಿಶಿಯನ್ ಗೆಳೆಯನ ಹತ್ರ ಟೆಂಪರೇಚರ್ ನೋಡೋ ಗನ್ ಇತ್ತು, ಕೇಳಿ ತಂದೆ. ಮಧ್ಯಾಹ್ನ ಎರಡೂವರಿಗೆ ಮಾಳಗಿ ಮ್ಯಾಲ ಹಿಡಿದ್ರ ಸ್ಲ್ಯಾಬ್ 61 ಡಿಗ್ರಿ. ಒಳಗ ಮಲಗೋ ಖೋಲಿ ಛತ್ತಿಗೆ ಹಿಡಿದ್ರ ಆಗ 39, ಆದ್ರ ರಾತ್ರಿ ಒಂಬತ್ತಕ್ಕ ಅದ ಛತ್ತು 42! ಹೊರಗಿನ ಗಾಳಿ ಇಳಿಯಾಕತ್ತಿದ ಮ್ಯಾಲ ಛತ್ತು ಏರ್ಯಾದ. ಐದಿಂಚಿನ ಸ್ಲ್ಯಾಬ್ ಹಗಲೆಲ್ಲಾ ಬಿಸಲು ಕುಡೀತದ, ಆ ಕಾವು ನಿಧಾನಕ್ಕ ಕೆಳಗ ಇಳ್ದು ನಾವು ಹಾಸಿಗಿ ಹಾಸೋ ಹೊತ್ತಿಗೆ ಸರಿಯಾಗಿ ನಮ್ಮ ಮ್ಯಾಲ ಬೀಳ್ತದ. ಅವ್ವಗ ಇದನ್ನ ಹೇಳಿದ್ರ ಆಕಿ ತವರುಮನಿ ಮಾಳಗಿ ಸುದ್ದಿ ತೆಗೆದಳು. ತೊಲಿ, ಜಂತಿ, ಅದರ ಮ್ಯಾಲ ಮೊಳದಷ್ಟು ಸವಳು ಮಣ್ಣು, ಗ್ವಾಡಿ ಎರಡು ಮೊಳ ದಪ್ಪ, ನಡುಮನ್ಯಾಗ ಗವಾಕ್ಷಿ. ಅಷ್ಟು ದಪ್ಪ ಮಣ್ಣು ದಾಟಿ ಕಾವು ಒಳಗ ಬರೂದ್ರಾಗ ಬೆಳಗ ಆಗ್ತಿತ್ತು, ಉಳಿದದ್ದು ಗವಾಕ್ಷಿಂದ ಮ್ಯಾಲ ಹೋಗ್ತಿತ್ತು. ಅದನ್ನ ಕೆಡವಿ ನಾವು ತೆಳ್ಳನ ಸಿಮೆಂಟ್ ಹಾಸಿಗೊಂಡು ಕುಂತೀವಿ.

ಈಗ ಮಣ್ಣು ಹಾಕಾಕ ಆಗಂಗಿಲ್ಲ, ಸ್ಲ್ಯಾಬ್ ಆ ಭಾರ ತಡಿಯಂಗಿಲ್ಲ. ಆದ್ರ ಬಿಸಲನ್ನ ವಾಪಸ್ ಕಳಸ್ಬಹುದು. ಅಹಮದಾಬಾದಿನಾಗ 2013ರಾಗ ಬಿಸಿಗಾಳಿಂದ ಮಂದೀನ್ನ ಉಳಸೋ ಯೋಜನೆ ಶುರು ಮಾಡಿದವರು ಮುಂದ ಬಡವರ ಮನಿ ಮಾಳಗಿಗೆ ಬಿಳಿ ಸುಣ್ಣ ಹಚ್ಚೋ ಕೆಲಸಾನೂ ಮಾಡಿದ್ರು, ಬಾಜೂ ತೆಲಂಗಾಣ 2023ರಾಗ ಕೂಲ್ ರೂಫ್ ಪಾಲಿಸಿ ಅಂತನ ತಂದದ. ಅಂಗಡ್ಯಾಗ ಸಿಗೋ ಕೂಲ್ ರೂಫ್ ಪೇಂಟ್ ನಮ್ಮ 600 ಚದರಡಿಗೆ ಹತ್ತು ಸಾವಿರದ ಸಮೀಪ ಆಗ್ತಿತ್ತು, ಅದು ನಾಕೈದು ವರ್ಷ ಬರ್ತದಂತ, ಇದ್ದವರು ಹಚ್ಕೋಬಹುದು. ನಾ ಸುಣ್ಣಕ್ಕ ಹೋದೆ. ಸುಣ್ಣ, ಅದು ಹಿಡ್ಕೊಳ್ಳಾಕ ಕಲಸೋ ಅಂಟು ಫೆವಿಕಾಲ್ ಡಿಡಿಎಲ್, ಎರಡು ಬ್ರಷ್ ಸೇರಿ 1,800 ರೂಪಾಯಿ ಒಳಗ ಮುಗೀತು.

ಸುಣ್ಣ ನೀರಾಗ ಅರಳಿಸೋದನ್ನ ಹಗುರ ತಗೋಬ್ಯಾಡ್ರಿ. ಕಲ್ಲುಸುಣ್ಣ ನೀರಿಗೆ ಬಿದ್ದ ಕೂಡ್ಲೆ ಕೊತಕೊತ ಕುದೀತದ, ಪ್ಲಾಸ್ಟಿಕ್ ಬಕೀಟು ಮೆತ್ತಗಾಗಿ ಸೊಟ್ಟ ಆಗ್ತದ, ತಗಡಿನ ಡ್ರಮ್ಮ ಬೇಕು. ಮದಲ ಡ್ರಮ್ಮಿನಾಗ ನೀರು ತುಂಬಿಸಿ ಅದಕ್ಕ ಸುಣ್ಣ ಒಂದೊಂದ ಹೆಂಟಿ ಬಿಡಬೇಕು, ಸುಣ್ಣದ ಮ್ಯಾಲ ನೀರು ಸುರೀಬಾರದು, ಸಿಡೀತದ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಮಕ್ಕಳು ಹತ್ರ ಬರಬಾರದು. ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ಹಳೀ ಲುಂಗ್ಯಾಗ ಸೋಸಿದ್ರ ಮೊಸರಿನಂಥ ಸುಣ್ಣ ಸಿಗ್ತದ, ಅದಕ್ಕ ಡಿಡಿಎಲ್ ಕಲಿಸಿ ಮಜ್ಜಿಗಿ ಹದಕ್ಕ ತರಬೇಕು.

ಮದಲನೇ ಸಲ ನನ್ನಿಂದ ಒಂದು ತಪ್ಪಾತು. ಮುಂಜಾನೆ ಹತ್ತಕ್ಕ ಒಣ ಸ್ಲ್ಯಾಬ್ ಮ್ಯಾಲ ಹಂಗ ಹಚ್ಚಿದೆ, ಬ್ರಷ್ ಎಳದಂಗ ಎಳದಂಗ ಒಣಗ್ತಿತ್ತು, ಮರುದಿನ ಅಂಗೈ ಒರಸಿದ್ರ ಪೂರಾ ಬೆಳ್ಳಗ ಪುಡಿ. ಅರ್ಧ ಡ್ರಮ್ಮ ಹಾಳಾತು. ಕಸಬರಗಿಲೆ ತಿಕ್ಕಿ ತೊಳದು ಮತ್ತ ಶುರು ಮಾಡಬೇಕಾತು. ಆಮ್ಯಾಲ ಒಬ್ಬ ಹಳೀ ಗೌಂಡಿ ಹೇಳಿದ್ದು, ಮಾಳಗಿಗೆ ಮದಲ ನೀರು ಕುಡಸ್ರಿ, ಹೊತ್ತು ಇಳದ ಮ್ಯಾಲ ಹಚ್ರಿ, ಸಾವಕಾಶ ಒಣಗಲಿ ಅಂತ. ಯಾಕಂದ್ರ ಸುಣ್ಣ ಬರೇ ಒಣಗಿ ಗಟ್ಟಿ ಆಗೋದಿಲ್ಲ, ಹಸಿ ಇದ್ದಾಗ ಗಾಳ್ಯಾಗಿನ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ಮತ್ತ ಸುಣ್ಣಕಲ್ಲಾಗ್ತದ. ನಮ್ಮ ಕಾಲಕೆಳಗಿನ ಶಹಾಬಾದ್ ಪರಸಿನೂ ಅದ ಜಾತಿ ಕಲ್ಲು, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ನಿಂತದ್ದೂ ಅದ ಕಲ್ಲಿನ ಮ್ಯಾಲ. ಹಚ್ಚಿದಾಗ ನೀರುನೀರಾಗಿ ಕಾಣ್ತದ, ಇಷ್ಟ ಏನು ಅನಸ್ತದ, ಬೆಳಗ ಎದ್ದು ನೋಡಿದ್ರ ಬೆಳ್ಳಗ ಕಣ್ಣು ಕುಕ್ತದ. ಮೂರು ಸಂಜಿ ಮೂರು ಕೋಟ್ ಹಚ್ಚಿದ್ವಿ, ನಾನೂ ನನ್ನ ಹೆಂಡತೀನೂ, ಮಗಳು ಮೆಟ್ಲ ಮ್ಯಾಲ ಕುಂತು ಟಾರ್ಚ್ ಹಿಡಿದಿದ್ಲು.

ನಾಕು ದಿನ ಬಿಟ್ಟು ಅದ ಹೊತ್ತಿಗೆ ಗನ್ ಹಿಡದೆ, ಹೊರಗ ಬಿಸಲು ಹೆಚ್ಚುಕಡಿಮಿ ಅಷ್ಟ ಇತ್ತು. ಮಾಳಗಿ 45. ರಾತ್ರಿ ಒಂಬತ್ತಕ್ಕ ಛತ್ತು 36. ಆರು ಡಿಗ್ರಿ ಅಂದ್ರ ಸಣ್ಣದು ಅನಸಬಹುದು, ಆದ್ರ ಛತ್ತು ನಮ್ಮ ಮೈಗಿಂತ ಬಿಸಿ ಇರೋದಕ್ಕೂ ಮೈಗಿಂತ ತಣ್ಣಗ ಇರೋದಕ್ಕೂ ಅಜಗಜಾಂತರ.

ಎರಡನೇ ಕಳ್ಳ ಪಶ್ಚಿಮದ ಗ್ವಾಡಿ. ಸಂಜಿ ಬಿಸಲು ಸೀದಾ ಅದಕ್ಕ ಹೊಡೀತದ. ಒಳಗ ದಪ್ಪ ಪರದೆ ಹಾಕಿದ್ರ ಉಪಯೋಗ ಕಡಿಮಿ, ಬಿಸಲು ಗಾಜು ದಾಟಿ ಬಂದಾತಲ್ಲ. ಹೊರಗ ಗ್ವಾಡಿಂದ ಒಂದಡಿ ಬಿಟ್ಟು ತೋಟಕ್ಕ ಕಟ್ಟೋ ಹಸಿರು ಶೇಡ್ ನೆಟ್ ಇಳಿಬಿಟ್ಟೆ, ಕೆಳಗ ಎರಡು ಇಟ್ಟಂಗಿ ಕಟ್ಟಿದೆ ಗಾಳಿಗೆ ಹಾರಬಾರದಂತ. ನಡುವಿನ ಆ ಒಂದಡಿ ಮುಖ್ಯ, ಅಲ್ಲಿ ಗಾಳಿ ಆಡ್ತದ. ಕಿಟಕಿ ಮುಂಜಾನೆ ಒಂಬತ್ತಕ್ಕ ಮುಚ್ಚೋದು, ಹೊತ್ತು ಮುಳುಗಿದ ಮ್ಯಾಲ ಎಲ್ಲಾ ತೆಗಿಯೋದು. ಛತ್ತಿಗೆ ಥರ್ಮಾಕೋಲ್ ಅಂಟಿಸಾಕ ಭಾಳ ಮಂದಿ ಹೇಳಿದ್ರು, ಬ್ಯಾಡ ಅಂದೆ, ಬೆಂಕಿ ಹತ್ತಿದ್ರ ಅದು ಉರದು ಕರಗಿ ತಲಿ ಮ್ಯಾಲ ಬೀಳ್ತದ.

ಕೂಲರ್ ನಮ್ಮನ್ಯಾಗ ಮದಲಿಂದ ಇತ್ತು, ಆದ್ರ ತಪ್ಪಾಗಿ ಹಚ್ತಿದ್ವಿ. ಖೋಲಿ ಒಳಗಿಟ್ಟು ಬಾಗಿಲು ಕಿಟಕಿ ಮುಚ್ಚಿದ್ರ ಅರ್ಧ ತಾಸಿನ್ಯಾಗ ಹಸಿ ತುಂಬಿ ಮೈಯೆಲ್ಲಾ ಅಂಟಂಟು. ಕೂಲರ್ ಕೆಲಸ ಮಾಡೋದ ನೀರು ಆರೋದ್ರಿಂದ, ಒಂದು ಲೀಟರ್ ನೀರು ಆವಿ ಆಗಬೇಕಂದ್ರ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಕಾವು ಗಾಳಿಂದ ಹೀರ್ತದ, ಗಾಳಿ ಒಣ ಇದ್ರ ಮಾತ್ರ ಆರ್ತದ. ನಮ್ಮ ಮೇ ತಿಂಗಳ ಒಣ ಗಾಳಿಗೆ ಇದಕ್ಕಿಂತ ಚಲೋ ಮಶೀನಿಲ್ಲ, ಮಂಗಳೂರಾಗ ಇದು ನಡಿಯಂಗಿಲ್ಲ. ಅದಕ್ಕ ಕೂಲರ್ ಬೆನ್ನು ಕಿಟಕಿ ಹೊರಗ ಇರಬೇಕು, ಎದುರಿನ ಕಿಟಕಿ ತೆಗದಿರಬೇಕು, ಹಸಿ ಗಾಳಿ ಹೊರಗ ಹೋಗಲಿ. ಬೋರಿನ ಉಪ್ಪು ನೀರಿಗೆ ಕೂಲರಿನ ಹುಲ್ಲು ಕಲ್ಲಾಗ್ತದ, ವರ್ಷಕ್ಕೊಮ್ಮೆ ಬದಲಿ ಮಾಡ್ರಿ. ವಾರಕ್ಕೊಮ್ಮೆ ನೀರು ಪೂರಾ ಚೆಲ್ಲಿ ಒಣಗಸ್ರಿ, ಡೆಂಗಿ ಸೊಳ್ಳಿಗೆ ಅದ ಮನಿ. ಮತ್ತ ಕೈ ಮುಗದು ಹೇಳ್ತೀನಿ, ನೀರು ಹಾಕೋ ಮುಂದ ಪ್ಲಗ್ ಕಿತ್ತು ಹಾಕ್ರಿ, ಅರ್ಥಿಂಗ್ ಚೆಕ್ ಮಾಡಸ್ರಿ. ತಗಡಿನ ಕೂಲರಿನ ಶಾಕ್ ಹೊಡದು ಜೀವ ಹೋದ ಮನಿ ನಾ ಕಣ್ಣಾರೆ ನೋಡೀನಿ.

ಈ ವರ್ಷ ಒಂದು ಫ್ಯಾನ್ ಕೆಟ್ಟಿತ್ತು, ಅದರ ಜಾಗಕ್ಕ ಕಡಿಮಿ ಕರೆಂಟ್ ತಿನ್ನೋ ಬಿಎಲ್‌ಡಿಸಿ ಫ್ಯಾನ್ ಹಾಕ್ಸಿದೆ, ಹಳೇದು 75 ವಾಟ್ ತಿಂತಿತ್ತು, ಇದು 30ರ ಆಸುಪಾಸು. ಕೆಡದೆ ಇರೋ ಫ್ಯಾನ್ ತೆಗದು ಹಾಕೋದು ಬ್ಯಾಡ.

ಛಳಿಗಾಲದಾಗ ಮನಿ ತಣ್ಣಗ ಆಗಂಗಿಲ್ಲೇನು ಅಂತ ಕೇಳ್ತಾರ. ಡಿಸೆಂಬರ್ ರಾತ್ರಿ ಜರಾ ಥಂಡಿ ಅನಸ್ತದ, ಕಿಟಕಿ ಮುಚ್ಚಿ ಒಂದು ಕಂಬಳಿ ಹೊದ್ರ ಸಾಕು, ಅಷ್ಟೊತ್ತಿಗೆ ಮಳಿ ಹೊಡ್ತಕ್ಕ ಸುಣ್ಣನೂ ಅರ್ಧ ಮಾಸಿರ್ತದ. ಪ್ರತಿ ವರ್ಷ ಮಾರ್ಚಿನಾಗ ಒಂದು ಕೋಟ್ ಹಚ್ಚಬೇಕು, ಅಷ್ಟ ಕೆಲಸ.

ಅವ್ವ ಈಗ ತನ್ನ ಖಾಟ ಮ್ಯಾಲ ಮಲಗ್ತಾಳ, ಕೂಲರ್ ನಡುರಾತ್ರಿ ತಾನ ಎದ್ದು ಬಂದ್ ಮಾಡ್ತಾಳ, ಥಂಡಿ ಆಗ್ತದಂತ. ಬಾಜೂ ಮನಿ ಕಾಕಾ ಮೊನ್ನೆ ನಮ್ಮ ಮಾಳಗಿ ಮ್ಯಾಲ ಬರಿಗಾಲಿಲೆ ಅಡ್ಡಾಡಿ ನೋಡಿ ಡ್ರಮ್ಮ ಕೇಳ್ಯಾರ. ಶನಿವಾರ ಸಂಜಿಗೆ ಬಾ ಅಂದಾರ, ನಾ ಬ್ರಷ್ಷೂ ಒಯ್ತೀನಿ.